ಅರ್ಲ್ ಗ್ರೇ ಚಹಾ: ಸಿಪ್ಪೆಯ ಘಮ, ರಸದ ಹುಳಿ ಮತ್ತು ಹತ್ತು ತಪ್ಪು ಕಲ್ಪನೆಗಳು

ಚಳಿ ಹೆಚ್ಚಿದ ದಿನ ಹಾಲಿಲ್ಲದ ಕಪ್ಪು ಚಹಾ ಕುಡಿಯುವ ರೂಢಿ ನಮ್ಮಲ್ಲಿ ಈಗ ಹೊಸದೇನಲ್ಲ. ಅದಕ್ಕೆ ನಿಂಬೆ ಹಿಂಡಿಕೊಳ್ಳುವವರು ಕೆಲವರು, ಅಂಗಡಿಯಿಂದ ಅರ್ಲ್ ಗ್ರೇ ಡಬ್ಬಿ ತಂದಿಟ್ಟುಕೊಳ್ಳುವವರು ಕೆಲವರು. ಆ ಡಬ್ಬಿಯ ಮುಚ್ಚಳ ತೆಗೆದರೆ ಕಿತ್ತಳೆಯದೂ ಅಲ್ಲದ, ನಿಂಬೆಯದೂ ಅಲ್ಲದ, ಸ್ವಲ್ಪ ಹೂವಿನಂಥ ಘಮ ಬರುತ್ತದೆ. ಕುಡಿದು ನೋಡಿದರೆ ಹುಳಿಯ ಸುಳಿವೇ ಇಲ್ಲ. ಹುಳಿಯಿಲ್ಲದ ಹುಳಿಹಣ್ಣಿನ ಚಹಾ ಎಂದರೇನು ಎಂಬ ಗೊಂದಲದಿಂದಲೇ ಅದರ ಸುತ್ತ ಹತ್ತಾರು ನಂಬಿಕೆಗಳು ಬೆಳೆದಿವೆ.

ಗೊಂದಲ ಬಿಡಿಸಲು ಒಂದು ಸಂಗತಿ ಗೊತ್ತಿದ್ದರೆ ಸಾಕು. ನಿಂಬೆ ಜಾತಿಯ ಯಾವ ಹಣ್ಣನ್ನೇ ತೆಗೆದುಕೊಳ್ಳಿ, ಅದರಲ್ಲಿ ಎರಡು ಬೇರೆ ಬೇರೆ ಸರಕುಗಳಿವೆ. ಸಿಪ್ಪೆಯ ಹೊರಪದರದಲ್ಲಿ ಕಣ್ಣಿಗೆ ಚುಕ್ಕೆಗಳಂತೆ ಕಾಣುವ ಸಣ್ಣ ಚೀಲಗಳಿವೆ, ಅವುಗಳಲ್ಲಿ ಸುಗಂಧದ ಎಣ್ಣೆ ಇದೆ. ಒಳಗಿನ ತೊಳೆಗಳಲ್ಲಿ ರಸ ಇದೆ. ಎಣ್ಣೆಗೆ ಘಮ ಇದೆ, ಹುಳಿ ಇಲ್ಲ. ರಸಕ್ಕೆ ಹುಳಿ ಇದೆ, ‘ಸಿ’ ಜೀವಸತ್ವ ಇದೆ, ಆದರೆ ಘಮ ಕಡಿಮೆ. ಅರ್ಲ್ ಗ್ರೇಗೆ ಸೇರುವುದು ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ಎಣ್ಣೆ. ನಾವು ಮನೆಯಲ್ಲಿ ಮಾಡುವ ಲೆಮನ್ ಟೀಗೆ ಬೀಳುವುದು ನಿಂಬೆಯ ರಸ. ಒಂದರ ಗುಣವನ್ನು ಇನ್ನೊಂದಕ್ಕೆ ಹೊರಿಸಿದಾಗ ತಪ್ಪು ಕಲ್ಪನೆ ಹುಟ್ಟುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಈ ಚಹಾದ ಪಾಕ ಚೀನಾದ ಅಧಿಕಾರಿಯೊಬ್ಬ ಬ್ರಿಟನ್ನಿನ ಅರ್ಲ್ ಗ್ರೇಗೆ ಕೊಟ್ಟ ಉಡುಗೊರೆ.

ಸತ್ಯ: ಕಥೆ ಸೊಗಸಾಗಿದೆ. ಅರ್ಲ್ ಗ್ರೇಯ ಕಡೆಯವರು ಚೀನಾದಲ್ಲಿ ಒಬ್ಬ ಅಧಿಕಾರಿಯ ಮಗನನ್ನು ನೀರಿನಲ್ಲಿ ಮುಳುಗದಂತೆ ಕಾಪಾಡಿದರಂತೆ, ಅದರ ಋಣಕ್ಕೆ ಆತ ಈ ಚಹಾದ ಗುಟ್ಟು ತಿಳಿಸಿದನಂತೆ. ಇದೇ ಕಥೆಯ ಇನ್ನೊಂದು ಪಾಠದಲ್ಲಿ ಚೀನಾದ ಬದಲು ಭಾರತ ಬರುತ್ತದೆ, ನೀರಿನ ಬದಲು ಹುಲಿ ಬರುತ್ತದೆ, ಅಧಿಕಾರಿಯ ಬದಲು ರಾಜ ಬರುತ್ತಾನೆ. ಎರಡಕ್ಕೂ ಆಧಾರವಿಲ್ಲ. ಎರಡನೆಯ ಅರ್ಲ್ ಗ್ರೇ ಆಗಿದ್ದ ಚಾರ್ಲ್ಸ್ ಗ್ರೇ 1764ರಲ್ಲಿ ಹುಟ್ಟಿ 1845ರಲ್ಲಿ ತೀರಿಕೊಂಡವನು, 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿ. ಆತ ಚೀನಾಕ್ಕೆ ಕಾಲಿಟ್ಟವನೇ ಅಲ್ಲ. ಬರ್ಗಮಾಟ್ ಎಣ್ಣೆಯಿಂದ ಚಹಾಕ್ಕೆ ಘಮ ಕಟ್ಟುವ ಪದ್ಧತಿಯೂ ಚೀನಾದ್ದಲ್ಲ. ಅಲ್ಲಿನವರು ಮಲ್ಲಿಗೆಯಂಥ ಹೂಗಳಿಂದ ಆ ಕೆಲಸ ಮಾಡುತ್ತಿದ್ದರು.

ಗ್ರೇ ಮನೆತನದವರು ಹೇಳುವ ಕಥೆ ಬೇರೆ. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿರುವ ಅವರ ಹೋವಿಕ್ ಹಾಲ್ ಎಂಬ ಮನೆಯ ಬಾವಿನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿತ್ತಂತೆ, ಆ ರುಚಿ ಮರೆಸಲು ಬರ್ಗಮಾಟ್ ಬೆರೆಸಿದ ಚಹಾ ಸಿದ್ಧವಾಯಿತಂತೆ. ಲಂಡನ್ನಿನ ಟ್ವೈನಿಂಗ್ಸ್ ಮತ್ತು ಜಾಕ್ಸನ್ಸ್ ಆಫ್ ಪಿಕಡಿಲಿ ಕಂಪನಿಗಳೆರಡೂ ಮೂಲ ಪಾಕ ತಮ್ಮದೇ ಎಂದು ಹೇಳಿಕೊಂಡು ಬಂದಿವೆ.

ಹಳೆಯ ಪತ್ರಿಕೆಗಳು ಹೇಳುವುದು ಇಷ್ಟು ರಮ್ಯವಾಗಿಲ್ಲ. 19ನೇ ಶತಮಾನದ ಮೊದಲ ಭಾಗದ ಬ್ರಿಟನ್ನಿನಲ್ಲಿ ಬರ್ಗಮಾಟ್ ಹಾಕುತ್ತಿದ್ದದ್ದು ಕಡಿಮೆ ದರ್ಜೆಯ ಚಹಾವನ್ನು ದುಬಾರಿ ಚಹಾದಂತೆ ತೋರಿಸುವುದಕ್ಕೆ. 1837ರಲ್ಲಿ ಒಂದು ಕಂಪನಿಯ ಮೇಲೆ ಬರ್ಗಮಾಟ್ ಬೆರೆಸಿದ ಚಹಾ ಪೂರೈಸಿದ ಆರೋಪ ನ್ಯಾಯಾಲಯದವರೆಗೂ ಹೋಗಿತ್ತು. ಅರ್ಲ್ ಗ್ರೇಯ ಹೆಸರು ಹೊತ್ತ ಮಿಶ್ರಣ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ, ಲಂಡನ್ನಿನ ಜೆರ್ಮಿನ್ ಸ್ಟ್ರೀಟಿನ ಚಾರ್ಲ್ಟನ್ ಕಂಪನಿಯ ಮೂಲಕ. ಅಷ್ಟು ಹೊತ್ತಿಗೆ ಪ್ರಧಾನಿ ತೀರಿಕೊಂಡು ನಾಲ್ಕು ದಶಕ ಹತ್ತಿರವಾಗಿತ್ತು. ಒಂದು ಕಾಲದ ಕಲಬೆರಕೆ ಮುಂದೆ ದೊಡ್ಡಮನುಷ್ಯನ ಹೆಸರಿಟ್ಟುಕೊಂಡು ಗೌರವ ಸಂಪಾದಿಸಿತು.

ಹಾಗೆಂದು ಗ್ರೇಗೂ ಚಹಾಕ್ಕೂ ನಂಟೇ ಇಲ್ಲವೆಂದಲ್ಲ. ಚೀನಾ ವ್ಯಾಪಾರದಲ್ಲಿ, ಅಂದರೆ ಮುಖ್ಯವಾಗಿ ಚಹಾದಲ್ಲಿ, ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯ ಕೊನೆಗೊಂಡದ್ದು ಅವನ ಸರ್ಕಾರ 1833ರಲ್ಲಿ ತಂದ ಕಾಯ್ದೆಯಿಂದ. ಬ್ರಿಟನ್ನಿನ ಸಾಮಾನ್ಯ ವರ್ತಕರು ಚೀನಾದಿಂದ ನೇರವಾಗಿ ಚಹಾ ತರಿಸಲು ದಾರಿಯಾದದ್ದು ಆಗ. ಕಟ್ಟುಕಥೆಗಿಂತ ಈ ನಂಟು ದೊಡ್ಡದು.

ತಪ್ಪು ಕಲ್ಪನೆ 2: ಅರ್ಲ್ ಗ್ರೇ ಒಂದು ಚಹಾ ತಳಿ. ಬರ್ಗಮಾಟ್ ಎಂದರೆ ಒಂದು ಬಗೆಯ ಸೊಪ್ಪು ಅಥವಾ ಹೂವು.

ಸತ್ಯ: ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ ಎಂದರೆ ಬೆಳೆದ ಜಾಗದ ಹೆಸರು. ಅರ್ಲ್ ಗ್ರೇ ಹಾಗಲ್ಲ. ಎಲ್ಲಿಯ ಕಪ್ಪು ಚಹಾ ಆದರೂ ಆಗಬಹುದು, ಚೀನಾದ್ದು, ಶ್ರೀಲಂಕಾದ್ದು, ನಮ್ಮ ನೀಲಗಿರಿಯದು. ಕಾರ್ಖಾನೆಯಲ್ಲಿ ಬಾಡಿಸಿ, ಹೊಸೆದು, ಗಾಳಿಗೆ ಕಪ್ಪಾಗಿಸಿ, ಒಣಗಿಸಿದ ಎಲೆಗೆ ಕೊನೆಯಲ್ಲಿ ಎಣ್ಣೆ ಸಿಂಪಡಿಸಿ ಬೆರೆಸುತ್ತಾರೆ.

ಬರ್ಗಮಾಟ್ ನಿಂಬೆಗೂ ಹುಳಿ ಕಿತ್ತಳೆಗೂ ಹುಟ್ಟಿದ ಮಿಶ್ರತಳಿ. ಹಣ್ಣು ಕಿತ್ತಳೆಯ ಗಾತ್ರ, ನಿಂಬೆಯ ಬಣ್ಣ. ಜಗತ್ತಿನ ಬರ್ಗಮಾಟ್ ಎಣ್ಣೆಯ ಬಹುಪಾಲು ಬರುವುದು ಇಟಲಿಯ ತುತ್ತತುದಿಯ ಕಲಾಬ್ರಿಯಾ ಪ್ರಾಂತದಿಂದ, ಅದರಲ್ಲೂ ರೆಜಿಯೊ ಕಲಾಬ್ರಿಯಾದ ಕಡಲಂಚಿನ ಕಿರಿದಾದ ಪಟ್ಟಿಯಿಂದ. ಹಣ್ಣಿನ ರಸ ತೀರಾ ಹುಳಿ ಮತ್ತು ಕಹಿಯಾದ್ದರಿಂದ ಹಾಗೇ ತಿನ್ನುವವರು ಕಡಿಮೆ. ಬೆಲೆ ಇರುವುದು ಸಿಪ್ಪೆಗೆ. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಆರಂಭವಾದ, ಯೋಹಾನ್ ಮರಿಯಾ ಫರಿನಾ ಹೆಸರಿನ ಸುಗಂಧದ್ರವ್ಯದ ಮನೆಯಿಂದ ಬಂದ ‘ಕಲೋನ್’ ನೀರಿನ ಘಮಕ್ಕೂ ಬರ್ಗಮಾಟ್ ಎಣ್ಣೆ ಆಧಾರ. ಅರ್ಲ್ ಗ್ರೇ ಮೂಸಿದವರಿಗೆ ಸೆಂಟಿನ ನೆನಪಾಗುವುದಕ್ಕೆ ಇದೇ ಕಾರಣ. ಪಶ್ಚಿಮದ ಕೈತೋಟಗಳಲ್ಲಿ ಬರ್ಗಮಾಟ್ ಎಂದೇ ಕರೆಯುವ ಕೆಂಪು ಹೂವಿನ ಗಿಡವೊಂದಿದೆ. ಅದು ಪುದೀನ ಕುಟುಂಬದ್ದು, ವಾಸನೆ ಹೋಲುತ್ತದೆಂದು ಅದೇ ಹೆಸರು ಬಿತ್ತು. ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಣ್ಣೆಯಲ್ಲಿರುವ ಮುಖ್ಯ ರಾಸಾಯನಿಕಗಳು ಲಿಮೊನೀನ್, ಲಿನಾಲೈಲ್ ಅಸಿಟೇಟ್ ಮತ್ತು ಲಿನಲೂಲ್. ಲಿಮೊನೀನ್ ಕಿತ್ತಳೆ, ನಿಂಬೆಗಳ ಸಿಪ್ಪೆಯಲ್ಲೂ ಇದೆ. ಲಿನಲೂಲ್ ನಮ್ಮ ಮೂಗಿಗೆ ಬಹಳ ಹಳೆಯ ಪರಿಚಯ: ಕೊತ್ತಂಬರಿ ಬೀಜದ ಘಮದ ಮುಖ್ಯ ಭಾಗ ಅದೇ. ಮಲೆನಾಡಿನ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಮಾಡುವ ಕಷಾಯಕ್ಕೂ ಇಟಲಿಯ ಎಣ್ಣೆ ಬಿದ್ದ ಬ್ರಿಟಿಷ್ ಚಹಾಕ್ಕೂ ನಡುವೆ ಇರುವ ಸಮಾನ ಅಂಶ ಇದು.

ತಪ್ಪು ಕಲ್ಪನೆ 3: ‘ಆರೆಂಜ್ ಪೆಕೋ’ ಎಂದು ಬರೆದಿದ್ದರೆ ಅದರಲ್ಲಿ ಕಿತ್ತಳೆ ಇದೆ.

ಸತ್ಯ: ಒಂದು ತುಣುಕೂ ಇಲ್ಲ. ಅದು ಕಪ್ಪು ಚಹಾದ ಎಲೆಯ ಗಾತ್ರ, ಆಕಾರ ಹೇಳುವ ದರ್ಜೆ. ಇಡೀ ಎಲೆಯದು ಆರೆಂಜ್ ಪೆಕೋ, ಮುರಿದದ್ದು ಬ್ರೋಕನ್ ಆರೆಂಜ್ ಪೆಕೋ. ನೀಲಗಿರಿ, ಮುನ್ನಾರ್ ಚಹಾಗಳಿಗೂ ಇದೇ ದರ್ಜೆಗಳು. ಕರ್ನಾಟಕದಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಲ್ಲೂ ಕಾಫಿಯ ನಡುವೆ ಕೆಲವು ಚಹಾ ತೋಟಗಳಿವೆ. ಘಮ ಬೆರೆಸಿದ ಚಹಾ ಬೇಕಿದ್ದರೆ ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಅಕ್ಷರ ಓದಿ. ಭಾರತದ ಆಹಾರ ನಿಯಮಗಳ ಪ್ರಕಾರ ಅಂಥ ಪೊಟ್ಟಣದ ಮೇಲೆ ‘ಫ್ಲೇವರ್ಡ್ ಟೀ’ ಎಂದೂ, ಯಾವ ಪರಿಮಳ, ಶೇಕಡಾ ಎಷ್ಟು ಎಂದೂ ಬರೆದಿರಬೇಕು. ಎಷ್ಟೋ ಅಗ್ಗದ ಪೊಟ್ಟಣಗಳಲ್ಲಿ ಇರುವುದು ಬರ್ಗಮಾಟ್ ಎಣ್ಣೆ ಅಲ್ಲ, ಅದರ ಘಮವನ್ನು ಅನುಕರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ಪರಿಮಳ.

ತಪ್ಪು ಕಲ್ಪನೆ 4: ಹುಳಿಹಣ್ಣಿನ ಚಹಾಕ್ಕೆ ಹಾಲು ಹಾಕಿದರೆ ಒಡೆದುಹೋಗುತ್ತದೆ.

ಸತ್ಯ: ನಿಂಬೆರಸ ಹಿಂಡಿದ ಚಹಾಕ್ಕೆ ಹಾಲು ಹಾಕಿದರೆ ಖಂಡಿತ ಒಡೆಯುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಆಮ್ಲೀಯತೆ ಹೆಚ್ಚಿ ಪಿಎಚ್ ಸುಮಾರು 4.6ಕ್ಕೆ ಇಳಿದಾಗ ಗಟ್ಟಿಕಟ್ಟಿ ಬೇರೆಯಾಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಪನೀರು ಮಾಡುವಾಗ ನಡೆಯುವುದೂ ಇದೇ. ಆದರೆ ಅರ್ಲ್ ಗ್ರೇಯಲ್ಲಿರುವುದು ಸಿಪ್ಪೆಯ ಎಣ್ಣೆ. ಹಾಲು ಒಡೆಸುವ ಸಿಟ್ರಿಕ್ ಆಮ್ಲ ಅದರಲ್ಲಿಲ್ಲ. ಅದಕ್ಕೇ ಬ್ರಿಟನ್ನಿನಲ್ಲಿ ಅರ್ಲ್ ಗ್ರೇಗೆ ಹಾಲು ಹಾಕಿಕೊಂಡು ಕುಡಿಯುವವರು ಬೇಕಾದಷ್ಟು ಜನ. ಕೆನಡಾದ ವ್ಯಾಂಕೂವರಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ‘ಲಂಡನ್ ಫಾಗ್’ ಎಂಬ ಪಾನೀಯ ಅರ್ಲ್ ಗ್ರೇ, ಬಿಸಿ ನೊರೆಹಾಲು, ವೆನಿಲಾ ಸೇರಿ ಆದದ್ದು. ಈಗ ಬೆಂಗಳೂರಿನ ಕೆಫೆಗಳ ಪಟ್ಟಿಯಲ್ಲೂ ಅದು ಕಾಣಸಿಗುತ್ತದೆ. ಒಂದೇ ಎಚ್ಚರಿಕೆ: ಅರ್ಲ್ ಗ್ರೇಗೆ ಹಾಲು ಹಾಕಿದಿರಾದರೆ ಮೇಲೆ ನಿಂಬೆ ಹಿಂಡಬೇಡಿ.

ತಪ್ಪು ಕಲ್ಪನೆ 5: ನಿಂಬೆ ಹಿಂಡಿದೊಡನೆ ಚಹಾ ತೆಳುವಾಗುತ್ತದೆ, ಸತ್ವ ಹೋಗುತ್ತದೆ.

ಸತ್ಯ: ಹೋಗುವುದು ಬಣ್ಣ ಮಾತ್ರ. ಕಪ್ಪು ಚಹಾಕ್ಕೆ ಕೆಂಪು ಕಂದು ಬಣ್ಣ ಕೊಡುವ ಥಿಯಾರುಬಿಜಿನ್‌ಗಳು ಆಮ್ಲ ಸೋಕಿದಾಗ ಬಣ್ಣ ಕಳೆದುಕೊಂಡು ತಿಳಿಯಾಗುತ್ತವೆ. ಕೆಫೀನ್ ಇದ್ದಷ್ಟೇ ಇರುತ್ತದೆ. ಬಂಗಾಳದ ಲೇಬು ಚಾ, ಮಲಬಾರ್ ಮತ್ತು ನಮ್ಮ ಕರಾವಳಿಯ ಸುಲೈಮಾನಿ ಹೊನ್ನಿನ ಬಣ್ಣಕ್ಕೆ ತಿರುಗುವುದು ಇದರಿಂದ. ಅರ್ಲ್ ಗ್ರೇಯಲ್ಲಿ ಆಮ್ಲ ಇಲ್ಲವಾದ್ದರಿಂದ ಅದು ಸಾದಾ ಕಪ್ಪು ಚಹಾದಷ್ಟೇ ಗಾಢವಾಗಿ ಉಳಿಯುತ್ತದೆ.

ತಪ್ಪು ಕಲ್ಪನೆ 6: ನಿಂಬೆಯ ಘಮದ ಚಹಾದಲ್ಲಿ ‘ಸಿ’ ಜೀವಸತ್ವ ತುಂಬಿರುತ್ತದೆ, ಚಳಿಗಾಲದಲ್ಲಿ ನೆಗಡಿ ಬಾರದಂತೆ ಕಾಯುತ್ತದೆ.

ಸತ್ಯ: ಅರ್ಲ್ ಗ್ರೇಗೆ ಈ ಹೊಗಳಿಕೆ ಸಲ್ಲುವುದೇ ಇಲ್ಲ. ‘ಸಿ’ ಜೀವಸತ್ವ ನೀರಿನಲ್ಲಿ ಕರಗುವಂಥದು, ಎಣ್ಣೆಯಲ್ಲಿ ಇರುವಂಥದಲ್ಲ. ಲೆಮನ್ ಟೀಯ ಲೆಕ್ಕ ನೋಡಿ. 100 ಗ್ರಾಂ ನಿಂಬೆರಸದಲ್ಲಿ ಸುಮಾರು 40 ಮಿಲಿಗ್ರಾಂ ‘ಸಿ’ ಜೀವಸತ್ವ ಇದ್ದರೆ, ಲೋಟಕ್ಕೆ ನಾವು ಹಿಂಡುವ ಒಂದು ಚಮಚ ರಸದಲ್ಲಿ ಬರುವುದು 2 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿರುವ ದಿನದ ಪ್ರಮಾಣ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಒಂದು ಸೀಬೆಹಣ್ಣು ತಿಂದರೆ ಅದನ್ನು ದಾಟಿಬಿಡಬಹುದು. ಬಿಸಿ ಚಹಾಕ್ಕೆ ಬಿದ್ದೊಡನೆ ಈ ಜೀವಸತ್ವ ಪೂರ್ತಿ ನಾಶವಾಗುತ್ತದೆ ಎಂಬ ಮಾತೂ ಅತಿಶಯೋಕ್ತಿಯೇ. ಲೋಟ ಖಾಲಿಯಾಗುವ ಹತ್ತು ನಿಮಿಷದಲ್ಲಿ ಕಳೆದುಹೋಗುವುದು ಅದರ ಒಂದು ಭಾಗ ಮಾತ್ರ. ತೊಂದರೆ ಇರುವುದು ಬಿಸಿಯಲ್ಲಿ ಅಲ್ಲ, ಮೊದಲೇ ಇದ್ದ ಪ್ರಮಾಣದಲ್ಲಿ.

ಇನ್ನು ನೆಗಡಿಯ ಮಾತು. ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಕಾಕ್ರನ್ ಪರಿಶೀಲನೆಯ ಪ್ರಕಾರ, ದಿನವೂ ‘ಸಿ’ ಜೀವಸತ್ವದ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ 8ರಷ್ಟು ಬೇಗ ವಾಸಿಯಾಯಿತು. ಮ್ಯಾರಥಾನ್ ಓಟಗಾರರು, ಕೊರೆವ ಚಳಿಯಲ್ಲಿ ಕಸರತ್ತು ಮಾಡುವ ಸೈನಿಕರಂಥ ಕಠಿಣ ಶ್ರಮದವರಲ್ಲಿ ಮಾತ್ರ ನೆಗಡಿ ಅರ್ಧದಷ್ಟು ಕಡಿಮೆಯಾಯಿತು. ಅದೂ ದಿನಕ್ಕೆ ನೂರಾರು ಮಿಲಿಗ್ರಾಂ ಮಾತ್ರೆಯಿಂದ. ಒಂದು ಚಮಚ ನಿಂಬೆರಸ ಆ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ನೆಗಡಿಯಾದಾಗ ಬಿಸಿ ಚಹಾ ಕುಡಿದು ಸಿಗುವ ಹಾಯೆನಿಸುವ ಸುಖ ಸುಳ್ಳೇ? ಸುಳ್ಳಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ನೆಗಡಿಯಾದವರಿಗೆ ಒಂದೇ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ಬಿಸಿ ಮಾಡದೆ ಕೋಣೆಯ ಉಷ್ಣತೆಯಲ್ಲಿಯೂ ಕೊಟ್ಟು ನೋಡಿದರು. ಬಿಸಿ ಕುಡಿದವರಿಗೆ ಸೋರುವ ಮೂಗು, ಕೆಮ್ಮು, ಸೀನು, ಗಂಟಲುನೋವು, ಮೈನಡುಕ, ಸುಸ್ತು ಎಲ್ಲದರಿಂದಲೂ ಕೂಡಲೇ ಆರಾಮ ಎನಿಸಿತು. ಬಿಸಿ ಮಾಡದ್ದರಿಂದ ಕೆಲವಕ್ಕೆ ಮಾತ್ರ. ಮೂಗಿನಲ್ಲಿ ಗಾಳಿಯಾಡುವ ಪ್ರಮಾಣವನ್ನು ಯಂತ್ರದಿಂದ ಅಳೆದಾಗ ಅದು ಬದಲಾಗಿರಲಿಲ್ಲ. ಅಂದರೆ ರೋಗ ಹೋಗಲಿಲ್ಲ, ಅದರ ಬಾಧೆ ಕಡಿಮೆಯಾಯಿತು. ಆ ಉಪಕಾರ ಬಿಸಿಯದು. ಅದಕ್ಕೆ ಬರ್ಗಮಾಟೇ ಆಗಬೇಕಿಲ್ಲ, ಕಷಾಯವಾದರೂ ನಡೆಯುತ್ತದೆ.

ತಪ್ಪು ಕಲ್ಪನೆ 7: ಒಂದು ಲೋಟ ಬಿಸಿ ಚಹಾ ಮೈಯನ್ನು ಬೆಚ್ಚಗೆ ಮಾಡುತ್ತದೆ.

ಸತ್ಯ: ಲೆಕ್ಕ ಹಾಕಿದರೆ ನಗು ಬರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ 150 ಮಿಲಿಲೀಟರ್ ಚಹಾ ದೇಹದ 37 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಶಾಖ ಸುಮಾರು 3.5 ಕಿಲೊಕ್ಯಾಲರಿ. 60 ಕಿಲೊ ತೂಕದ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 50 ಕಿಲೊಕ್ಯಾಲರಿ ಬೇಕು. ಅಂದಮೇಲೆ ಒಂದು ಲೋಟ ಚಹಾದಿಂದ ಏರುವುದು ಒಂದು ಡಿಗ್ರಿಯ ಹದಿನಾಲ್ಕನೇ ಒಂದು ಭಾಗ. ಸುಮ್ಮನೆ ಕೂತಿದ್ದರೂ ನಮ್ಮ ದೇಹ ಅಷ್ಟು ಶಾಖವನ್ನು ಮೂರ್ನಾಲ್ಕು ನಿಮಿಷದಲ್ಲಿ ತಾನೇ ಹುಟ್ಟಿಸಿಕೊಳ್ಳುತ್ತದೆ.

ಬೆಚ್ಚಗಾಯಿತು ಎಂಬ ಭಾವನೆ ಬರುವುದು ನರಗಳಿಂದ. ಲೋಟ ಹಿಡಿದ ಅಂಗೈ, ತುಟಿ, ನಾಲಿಗೆ, ಗಂಟಲುಗಳಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳು ತುಂಬಿವೆ. ಅವು ಕಳಿಸಿದ ಸುದ್ದಿಯನ್ನು ಮಿದುಳು ಇಡೀ ಮೈಯದೆಂದು ಎಣಿಸುತ್ತದೆ. ಬೇಸಿಗೆಯ ಸೆಕೆಯಲ್ಲಿ ಹೊಟ್ಟೆಯ ಭಾಗದ ಇಂಥ ನರತುದಿಗಳು ಬೆವರು ಹರಿಸಿ ಮೈ ತಣ್ಣಗಾಗಲೂ ಕಾರಣವಾಗಬಲ್ಲವು. ಒಣಹವೆಯಲ್ಲಿ ಆ ಬೆವರು ಪೂರ್ತಿ ಆರುವಂತಿದ್ದರೆ ಬಿಸಿ ಪಾನೀಯ ಕುಡಿದವರ ಮೈಯಲ್ಲಿ ಉಳಿಯುವ ಶಾಖ ಕಡಿಮೆ ಎಂದು ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ 2012ರ ಪ್ರಯೋಗ ತೋರಿಸಿದೆ. ಚಳಿಯಲ್ಲಿ ಹೊರಗೆ ಹೊರಟವರನ್ನು ಕಾಯುವುದು ಸ್ವೆಟರು. ಚಹಾ ಮನಸ್ಸನ್ನು ಬೆಚ್ಚಗಿಡುತ್ತದೆ, ಅದನ್ನೇನೂ ಕಡಿಮೆ ಎನ್ನಬೇಕಿಲ್ಲ.

ತಪ್ಪು ಕಲ್ಪನೆ 8: ಚೆನ್ನಾಗಿ ಕುದಿಸಿದಷ್ಟೂ ಘಮ ಹೆಚ್ಚು, ಸುಡುಸುಡು ಕುಡಿದಷ್ಟೂ ರುಚಿ ಹೆಚ್ಚು.

ಸತ್ಯ: ಎರಡೂ ತಿರುವುಮುರುವು. ಬರ್ಗಮಾಟಿನ ಘಮ ಹಗುರ, ಬಿಸಿಗೆ ಆವಿಯಾಗಿ ಹೋಗುವಂಥದು. ನಾವು ಹಾಲು, ಸಕ್ಕರೆ ಸೇರಿಸಿ ಕುದಿಸುವ ಕ್ರಮ ಗಟ್ಟಿಯಾದ ಪುಡಿ ಚಹಾಕ್ಕೆ ಹೇಳಿ ಮಾಡಿಸಿದ್ದು. ಅರ್ಲ್ ಗ್ರೇಯನ್ನು ಹಾಗೆ ಕುದಿಸಿದರೆ ಘಮ ಅಡುಗೆಮನೆಯಲ್ಲಿ ಹರಡುತ್ತದೆ, ಲೋಟದಲ್ಲಿ ಉಳಿಯುವುದು ಒಗರು. ಕುದಿದ ನೀರನ್ನು ಎಲೆಯ ಮೇಲೆ ಸುರಿದು, ತಟ್ಟೆ ಮುಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು ಸೋಸಿದರೆ ಸಾಕು. ವೃತ್ತಿಯಿಂದ ಚಹಾ ರುಚಿ ನೋಡುವವರಿಗೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ಕುಡಿಯುವ ಸುಖಕ್ಕಲ್ಲ, ಚಹಾದ ದೋಷಗಳೂ ಎದ್ದು ಕಾಣಲಿ ಎಂದು ಮಾಡಿದ್ದು.

ಸುಡುಸುಡು ಕುಡಿಯುವುದಂತೂ ಆರೋಗ್ಯದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ಆತಂಕ ಅನ್ನನಾಳದ ಕ್ಯಾನ್ಸರ್ ಬಗ್ಗೆ. ತಪ್ಪು ಚಹಾದ್ದಲ್ಲ, ಶಾಖದ್ದು. ಸೋಸಿದ ಮೇಲೆ ಐದು ನಿಮಿಷ ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ನಾಲಿಗೆ ಸುಟ್ಟುಕೊಂಡವರಿಗೆ ರುಚಿ ಸಿಗುವುದಾದರೂ ಹೇಗೆ?

ತಪ್ಪು ಕಲ್ಪನೆ 9: ಊಟವಾದೊಡನೆ ಲೆಮನ್ ಟೀ ಕುಡಿದರೆ ಜೀರ್ಣವಾಗುತ್ತದೆ, ಕೊಬ್ಬು ಕರಗುತ್ತದೆ.

ಸತ್ಯ: ಬಿರಿಯಾನಿ ಉಂಡ ಮೇಲಿನ ಸುಲೈಮಾನಿ ಬಾಯಿಗೆ ಹಿತ, ನಾಲಿಗೆಯ ಜಿಡ್ಡನ್ನು ತೊಳೆಯುತ್ತದೆ. ಹೊಟ್ಟೆಯ ಕೊಬ್ಬನ್ನು ನಿಂಬೆ ಕರಗಿಸುವುದಿಲ್ಲ. ಲೆಮನ್ ಟೀ ಕುಡಿದು ತೂಕ ಇಳಿದಿದ್ದರೆ ಅದು ಬಿಟ್ಟ ಹಾಲು, ಸಕ್ಕರೆಗಳ ಕೃಪೆ. ಒಂದು ಚಮಚ ಸಕ್ಕರೆಗೆ 20 ಕಿಲೊಕ್ಯಾಲರಿಯಂತೆ ದಿನದ ಲೋಟಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿಬಿಡುತ್ತದೆ. ‘ನಿಂಬೆ ಹಿಂಡಿದರೆ ಚಹಾದ ಆಂಟಿಆಕ್ಸಿಡೆಂಟ್ ಐದು ಪಟ್ಟು’ ಎಂಬ ಸುದ್ದಿಯ ಮೂಲ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 2007ರ ಅಧ್ಯಯನ. ಅದು ನಡೆದದ್ದು ಹಸಿರು ಚಹಾದ ಮೇಲೆ, ಜೀರ್ಣಕ್ರಿಯೆಯನ್ನು ಅನುಕರಿಸುವ ಪ್ರಯೋಗಾಲಯದ ಪಾತ್ರೆಯಲ್ಲಿ. ಮನುಷ್ಯರ ಹೊಟ್ಟೆಯಲ್ಲಲ್ಲ, ಕಪ್ಪು ಚಹಾದ ಮೇಲೂ ಅಲ್ಲ.

ಊಟದ ಜೊತೆಗಿನ ಚಹಾದಿಂದ ನಿಜವಾಗಿ ಆಗುವುದು ನಷ್ಟ. ಚಹಾದ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ಊಟದ ಜೊತೆ ಚಹಾ ಕುಡಿದಾಗ ಈ ಕಬ್ಬಿಣದ ಹೀರಿಕೆ ಅರ್ಧಕ್ಕಿಂತ ಹೆಚ್ಚು ಕುಸಿದದ್ದನ್ನು ಪ್ರಯೋಗಗಳು ತೋರಿಸಿವೆ. ನಿಂಬೆಯ ‘ಸಿ’ ಜೀವಸತ್ವ ಕಬ್ಬಿಣದ ಪರವಾಗಿ ಕೆಲಸ ಮಾಡುತ್ತದೆ ನಿಜ. ಅದಕ್ಕೆ ನಿಂಬೆಯ ಜಾಗ ಚಹಾದ ಲೋಟ ಅಲ್ಲ, ಸಾರು, ಕೋಸಂಬರಿ, ಪಲ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಐಸಿಎಂಆರ್ 2024ರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಚಹಾ, ಕಾಫಿ ಬೇಡ ಎಂದಿರುವುದು ಸುಮ್ಮನಲ್ಲ. ಅರ್ಲ್ ಗ್ರೇಗೂ ಈ ಮಾತು ಅನ್ವಯಿಸುತ್ತದೆ.

ತಪ್ಪು ಕಲ್ಪನೆ 10: ಹಣ್ಣಿನ ಸಿಪ್ಪೆಯ ಎಣ್ಣೆ ತಾನೇ, ಎಷ್ಟು ಕುಡಿದರೂ ತೊಂದರೆಯಿಲ್ಲ.

ಸತ್ಯ: ದಿನಕ್ಕೆ ಎರಡು ಮೂರು ಲೋಟ ಕುಡಿಯುವವರು ಹೆದರಬೇಕಿಲ್ಲ. ಅತಿಯಾದರೆ ಏನಾಗಬಹುದು ಎಂಬುದಕ್ಕೆ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2002ರಲ್ಲಿ ಪ್ರಕಟವಾದ ಒಂದು ಪ್ರಕರಣ ಪ್ರಸಿದ್ಧ. ಆಸ್ಟ್ರಿಯಾದ 44 ವರ್ಷದ ಒಬ್ಬಾತ ದಿನಕ್ಕೆ 4 ಲೀಟರಿನವರೆಗೂ ಸಾದಾ ಕಪ್ಪು ಚಹಾ ಕುಡಿಯುತ್ತಿದ್ದ. ಅದನ್ನು ಬಿಟ್ಟು ಅರ್ಲ್ ಗ್ರೇಗೆ ಹೊರಳಿದ ಮೇಲೆ ಸ್ನಾಯು ಸೆಳೆತ ಶುರುವಾಯಿತು. ಮತ್ತೆ ಸಾದಾ ಚಹಾಕ್ಕೆ ಮರಳಿದಾಗ ನಿಂತಿತು. ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ಅಂಶ ಸ್ನಾಯುಗಳ ಪೊಟ್ಯಾಸಿಯಂ ಹರಿವಿಗೆ ಅಡ್ಡಬಂದಿರಬೇಕು ಎಂದು ವೈದ್ಯರು ವಿವರಿಸಿದರು. ಒಬ್ಬನ ಪ್ರಕರಣದಿಂದ ಎಲ್ಲರಿಗೂ ನಿಯಮ ಮಾಡಲಾಗದು. ನೈಸರ್ಗಿಕ ಎಂಬುದು ಮಿತಿಯಿಲ್ಲ ಎಂಬುದಕ್ಕೆ ಪರವಾನಗಿ ಅಲ್ಲ ಎಂಬ ಪಾಠವಂತೂ ಅದರಲ್ಲಿದೆ. ಇದೇ ಬರ್ಗಾಪ್ಟೆನ್ ಇರುವ ಎಣ್ಣೆಯನ್ನು ಚರ್ಮಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗುತ್ತದೆ. ಹಾಗಾಗಿ ಬರ್ಗಮಾಟ್ ಎಣ್ಣೆಯ ಶೀಷೆ ತಂದು ಮೈಗೆ ಸವರಿಕೊಳ್ಳುವುದೂ ಬೇಡ, ಮನೆಯಲ್ಲೇ ಚಹಾಕ್ಕೆ ತೊಟ್ಟಿಕ್ಕುವುದೂ ಬೇಡ.

ಕೆಫೀನ್ ಬಗ್ಗೆಯೂ ಒಂದು ಮಾತು. ಘಮ ಹಗುರ ಎಂದ ಮಾತ್ರಕ್ಕೆ ಚಹಾ ಹಗುರವಲ್ಲ. ಬರ್ಗಮಾಟ್ ಕೆಫೀನನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಐಸಿಎಂಆರ್ ಲೆಕ್ಕದಲ್ಲಿ ಒಂದು ಬಾರಿ ಕುಡಿಯುವ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ಮಲಗುವ ಮುನ್ನ ಅರ್ಲ್ ಗ್ರೇ ಕುಡಿದು ನಿದ್ದೆ ಬರಲಿಲ್ಲ ಎಂದರೆ ಬಯ್ಯಬೇಕಾದದ್ದು ಬರ್ಗಮಾಟನ್ನಲ್ಲ.

ಇಷ್ಟೆಲ್ಲ ತಿಳಿದ ಮೇಲೆ ರುಚಿ ನೋಡುವ ಬಗೆ ಹೇಗೆ? ಚಳಿಯ ದಿನ ಮೂಗು ಕಟ್ಟಿದ್ದರೆ ದುಬಾರಿ ಅರ್ಲ್ ಗ್ರೇ ತೆಗೆಯಬೇಡಿ, ಸಾದಾ ಚಹಾ ಸಾಕು. ಏಕೆಂದರೆ ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿಗಳು. ಒಗರು ಸ್ಪರ್ಶದ ಅನುಭವ. ಬರ್ಗಮಾಟ್ ತಿಳಿಯುವುದು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಆವಿಯಿಂದ. ಬೇಕಿದ್ದರೆ ಪರೀಕ್ಷೆ ಮಾಡಿ: ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ, ಅದು ಬರೀ ಕಪ್ಪು ಚಹಾ. ಬೆರಳು ಸಡಿಲಿಸಿ ಉಸಿರು ಬಿಡಿ, ಆಗ ಘಮ ಬರುತ್ತದೆ. ಚಹಾ ಪರೀಕ್ಷಕರು ಸದ್ದು ಮಾಡಿ ಸೊರ್ರೆಂದು ಹೀರುವುದೂ ಈ ಆವಿಯನ್ನು ಮೂಗಿಗೆ ಏರಿಸುವುದಕ್ಕೆ. ಮೊದಲ ಲೋಟವನ್ನು ಹಾಲು, ಸಕ್ಕರೆ, ನಿಂಬೆ ಯಾವುದೂ ಇಲ್ಲದೆ ಕುಡಿಯಿರಿ, ಬೇಕಾದದ್ದನ್ನು ಎರಡನೆಯದಕ್ಕೆ ಸೇರಿಸಿಕೊಳ್ಳಿ. ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ, ಇಂಗು ಮತ್ತು ಸಾಂಬಾರ ಪುಡಿಯ ಪಕ್ಕದಿಂದ ದೂರ ಇಡಿ. ಚಹಾ ಎಲೆ ಯಾವ ವಾಸನೆಯನ್ನೂ ಹೀರಿಕೊಳ್ಳುತ್ತದೆ, ಬರ್ಗಮಾಟ್ ಅದಕ್ಕೆ ಹತ್ತಿದ್ದೂ ಆ ಗುಣದಿಂದಲೇ.

ಕೊನೆಯ ತೀರ್ಪು ಸರಳ. ಹುಳಿಹಣ್ಣಿನ ಘಮದ ಚಹಾ ಔಷಧಿಯಲ್ಲ, ಜೀವಸತ್ವದ ಮೂಲವಲ್ಲ, ತೂಕ ಇಳಿಸುವ ಉಪಾಯವೂ ಅಲ್ಲ. ಅದೊಂದು ಒಳ್ಳೆಯ ಪಾನೀಯ, ಅಷ್ಟೇ. ‘ಸಿ’ ಜೀವಸತ್ವಕ್ಕೆ ಸೀಬೆಹಣ್ಣು ತಿನ್ನಿ, ಚಳಿಗೆ ಸ್ವೆಟರು ಹಾಕಿಕೊಳ್ಳಿ, ನೆಗಡಿ ಹೆಚ್ಚಾದರೆ ವೈದ್ಯರನ್ನು ಕಾಣಿ. ಚಹಾವನ್ನು ಊಟದಿಂದ ಒಂದು ಗಂಟೆ ದೂರವಿಟ್ಟು, ಸ್ವಲ್ಪ ಆರಿಸಿ, ರುಚಿಗಾಗಿ ಕುಡಿಯಿರಿ.